ಮೂರು ಕಿಲೋಮೀಟರ್ ಕಡಿಮೆ

ಕವಲಂದೆಯ ರಾಜೇಂದ್ರನ ಹತ್ತಿರ ಕಾರಿನ ಮಾತೆತ್ತಿದರೆ ನಿಮ್ಮ ಕೆಲಸ ಕೆಟ್ಟಂತೆಯೇ. ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ ಆರು ರೂಪಾಯಿ ಬಿದ್ದರೆ ಅವನ ಕರೆಂಟ್ ಕಾರಿಗೆ ಒಂದೂಕಾಲು. ಒಂದು ಚಾರ್ಜಿಗೆ ಇನ್ನೂರೈವತ್ತು ಓಡುತ್ತದೆ ಎಂದು ಮಾರುವವರು ಬಾಯಿತುಂಬ ಹೇಳುತ್ತಾರೆ, ಓಡುವುದು ನೂರನಲವತ್ತೈದು. ಇಷ್ಟನ್ನೂ ಟೀ ಅಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಒಪ್ಪಿಸುತ್ತಿದ್ದ. ಜನ ನಗುತ್ತಿದ್ದರು. ಅವನು ಕಾರು ಕೊಂಡದ್ದು ಶೋಕಿಗಲ್ಲ ಎಂಬುದು ನಗುವವರಿಗೂ ಗೊತ್ತಿತ್ತು.

ಹೆಂಡತಿ ಇಂದ್ರಾಣಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಬುಧವಾರ, ಶನಿವಾರ ಡಯಾಲಿಸಿಸ್. ಹತ್ತಿರದಲ್ಲೆಲ್ಲೂ ಜಾಗ ಸಿಗದೆ, ನಲವತ್ತೈದು ಕಿಲೋಮೀಟರ್ ದೂರದ ಟಿ. ನರಸೀಪುರದ ಆಸ್ಪತ್ರೆಯಲ್ಲಿ ಸಿಕ್ಕಿತ್ತು. ಮೆಷಿನ್ನಿನಿಂದ ಎದ್ದವಳಿಗೆ ಎರಡು ಬಸ್ಸು ಬದಲಿಸುವ ಶಕ್ತಿ ಎಲ್ಲಿಂದ ಬರಬೇಕು? ಬಾಡಿಗೆ ಕಾರಿಗೆ ನಂಜನಗೂಡಿನ ಕಾರ್ಖಾನೆಯ ಸಂಬಳ ಸಾಲುತ್ತಿರಲಿಲ್ಲ. ಅದಕ್ಕೇ ಯಾರೋ ಓಡಿಸಿ ಬಿಟ್ಟ ಈ ಪುಟ್ಟ ಕಾರು. ಹೋಗಿಬಂದರೆ ತೊಂಬತ್ತು, ಮನೆಯ ಪ್ಲಗ್ಗಿಗೆ ಎಂಟೊಂಬತ್ತು ಗಂಟೆ ಹಾಕಿಟ್ಟರೆ ಸಾಕಿತ್ತು.

ಆ ಬುಧವಾರ ಬಿ.ಪಿ. ಇಳಿದು ಡಯಾಲಿಸಿಸ್ ಅರ್ಧಕ್ಕೇ ನಿಲ್ಲಿಸಿದ್ದರು. ಶುಕ್ರವಾರಕ್ಕೆ ಅವಳ ಮುಖ ಊದಿ, ಮಲಗಿದರೆ ಉಸಿರು ಕಟ್ಟತೊಡಗಿತು. ಭಾನುವಾರ ಆಸ್ಪತ್ರೆಯಲ್ಲಿ ಆ ವಿಭಾಗಕ್ಕೆ ರಜೆ. ಶನಿವಾರ ತಪ್ಪಿದರೆ ಅವಳು ಸೋಮವಾರ ಕಾಣುವುದಿಲ್ಲ ಎಂದು ಯಾರೂ ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಶನಿವಾರ ಬೆಳಿಗ್ಗೆ ಆರಕ್ಕೆ ಕಾರಿನ ಬಾಗಿಲು ತೆಗೆದರೆ ಬ್ಯಾಟರಿ ಇಪ್ಪತ್ತೊಂಬತ್ತು ಪರ್ಸೆಂಟ್. ಹಿಂದಿನ ದಿನ ಕೆಲಸಕ್ಕೆ ಹೊರಡುವಾಗ ಹಾಕಿ ಹೋಗಿದ್ದ ವೈರು ಅಚ್ಚುಕಟ್ಟಾಗಿ ಸುತ್ತಿಕೊಂಡು ಗೋಡೆಯ ಮೊಳೆಯಲ್ಲಿತ್ತು.

"ಅವ್ವಾ, ಪ್ಲಗ್ ಯಾರ್ ಕಿತ್ತಿದ್ದು?"

"ನಾನೇ ಕಣಪ್ಪ," ಎಂದಳು ಮುದ್ದಮ್ಮ. "ನೀ ಅತ್ಲಾಗ್ ಓದೆ, ಇತ್ಲಾಗ್ ಗುಡುಗ್ತು. ಟಿವಿ, ಪ್ರಿಡ್ಜು ಎಲ್ಲಾ ಕಿತ್ತಾಕ್ದೆ. ಸಿಡ್ಲೊಡ್ದು ಕಾರು ಸುಟ್ಟೋದ್ರೆ ಇಂದ್ರಾಣಿ ಯಾವುದ್ರಲ್ಲಿ ಓಗ್ಬೇಕು ಅಂತ."

ಗುಡುಗಿದರೆ ಪ್ಲಗ್ಗು ಕೀಳುವುದು ಆ ಬೀದಿಯ ರೂಢಿ. ಮಗನಿಗೆ ಕಲಿಸಿದ್ದೂ ಅವಳೇ. ಬೆಳಿಗ್ಗೆ ಮತ್ತೆ ಹಾಕಿದರೆ ಟಿವಿ ಓಡುತ್ತದೆ, ಕಾರು ಓಡುವುದಿಲ್ಲ ಎಂದು ಪಾಪ ಅವಳಿಗೆ ಹೊಳೆಯಲಿಲ್ಲ. ರಾಜೇಂದ್ರ ಹೆತ್ತವಳಿಗೆ ಆಡಬಾರದ ಮಾತು ಆಡಿಬಿಟ್ಟ. ಪಾಳಿ ಮುಗಿಸಿ ಬಂದವನು ಕಾರಿನ ಕಡೆ ಕಣ್ಣೂ ಹಾಯಿಸದೆ ಮಲಗಿದ್ದನಲ್ಲ, ಅದನ್ನು ಮಾತ್ರ ಎತ್ತಲಿಲ್ಲ.

ಇಪ್ಪತ್ತೊಂಬತ್ತು ಪರ್ಸೆಂಟಿಗೆ ನಲವತ್ತೆರಡು ಕಿಲೋಮೀಟರ್. ಮೂರು ಕಡಿಮೆ. ಈಗಲಾದರೂ ಹಾಕೋಣವೆಂದರೆ ಬೆಳಗಿನ ಜಾವ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಒಳ್ಳೆ ಮುಹೂರ್ತದ ದಿನ, ಊರಿನ ಟ್ಯಾಕ್ಸಿಗಳೆಲ್ಲ ಮದುವೆಗೆ ಹೋಗಿದ್ದವು. ದಾರಿಯಲ್ಲೇ ಸಿಗುವ ನಂಜನಗೂಡಿನ ಹೋಟೆಲೊಂದರ ಅಂಗಳದಲ್ಲಿ ಚಾರ್ಜಿಂಗ್ ಮೆಷಿನ್ ಇತ್ತು. ಹೋಗಿ ನೋಡಿದರೆ ಕೆಟ್ಟು ಕೂತಿತ್ತು. ಅಲ್ಲೂ ಟ್ಯಾಕ್ಸಿಗೆ ಅಲೆದು ಅರ್ಧ ಗಂಟೆ ಹಾಳಾಯಿತು. ಡಯಾಲಿಸಿಸ್ ಮಾಡುವ ರವಿಕುಮಾರ್‌ಗೆ ಫೋನ್ ಮಾಡಿದ. "ಎಂಟೂಕಾಲ್ವರ್ಗೂ ಬೆಡ್ ಇಟ್ಕೊಂಡಿರ್ತೀನಿ, ಆಮೇಲಾಗಲ್ಲ," ಎಂದ ಅವನು.

ಜೋರಾಗಿ ಹೋದರೆ ಬ್ಯಾಟರಿ ಮುಗಿಯುತ್ತದೆ, ನಿಧಾನ ಹೋದರೆ ಹೊತ್ತು ಮೀರುತ್ತದೆ. ಎ.ಸಿ. ಆರಿಸಿ, ಮೂವತ್ತೈದರ ಮೇಲೆ ಮುಳ್ಳು ಏರದಂತೆ ಓಡಿಸಿದ. ಸುತ್ತೂರಿನ ಹತ್ತಿರ ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ಮುಂದೆ ಹೋಯಿತು. ಪಕ್ಕದಲ್ಲಿ ಇಂದ್ರಾಣಿ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಳು.

"ಅವ್ವಂಗೆ ಅಂಗನ್ಬಾರ್ದಿತ್ತು ನೀವು," ಎಂದಳು ತಡೆದು ತಡೆದು.

"ಮಾತಾಡ್ಬ್ಯಾಡ, ಉಸ್ರು ಉಳಿಸ್ಕೊ."

ಎರಡು ಪರ್ಸೆಂಟ್ ಇರುವಾಗ ಆಸ್ಪತ್ರೆಯ ಗೇಟು ಬಂತು. ಗಂಟೆ ಎಂಟೂ ಮುಕ್ಕಾಲು.

"ಇನ್ನೊಬ್ರಿಗೆ ಸೀರಿಯಸ್ ಇತ್ತು ಕಣ್ರೀ, ಹಾಕ್ಬುಟ್ಟೆ," ಎಂದ ರವಿಕುಮಾರ್ ತಲೆ ತಗ್ಗಿಸಿ. "ಮಧ್ಯಾನ ಒಂದ್ಗಂಟೆ ಬ್ಯಾಚೂ ಭರ್ತಿ. ಯಾರಾದ್ರೂ ಬರ್ದೇ ಇದ್ರೆ ನೋಡಾಣ."

ಇಂದ್ರಾಣಿಗೆ ಆಕ್ಸಿಜನ್ ಹಾಕಿ ಕೂರಿಸಿದರು. ರಾಜೇಂದ್ರ ಹೊರಗಿನ ಬೆಂಚಿನ ಮೇಲೆ ಕೂತು, ಬದುಕಿನಲ್ಲಿ ಯಾರಿಗೂ ಕೇಡು ಬಯಸದವನು, ಯಾರಾದರೊಬ್ಬರು ಬರದಿರಲಿ ಎಂದು ಬೇಡಿಕೊಂಡ. ಹನ್ನೆರಡೂವರೆಯಿಂದ ಒಬ್ಬೊಬ್ಬರೇ ಬರತೊಡಗಿದರು. ಎಲ್ಲ ಗುರುತಿನವರೇ. ಅವರು ನಕ್ಕರೆ ನಗಲಾರದೆ ನೆಲ ನೋಡಿದ. ಐವರಲ್ಲಿ ನಾಲ್ವರು ಬಂದರು. ಇನ್ನು ಬರಬೇಕಾದವನು ತಲಕಾಡಿನ ಚನ್ನಯ್ಯ. ಮೊದಲ ದಿನ ಸೂಜಿ ಕಂಡು ಅತ್ತ ಇಂದ್ರಾಣಿಗೆ ತನ್ನ ತೋಳು ತೋರಿಸಿ ಧೈರ್ಯ ಹೇಳಿದ್ದ ಮುದುಕ. ಬರಬೇಡ ಚನ್ನಯ್ಯಣ್ಣ, ಇವತ್ತೊಂದು ದಿನ ಬರಬೇಡ ಎಂದು ರಾಜೇಂದ್ರ ಗೇಟಿನ ಮೇಲೆ ಕಣ್ಣಿಟ್ಟು ಕೂತ.

ಒಂದೂಕಾಲಿಗೆ ರವಿಕುಮಾರನ ಫೋನ್ ಬಡಿದುಕೊಂಡಿತು. ಅವನು ಕೇಳಿಸಿಕೊಂಡು, "ಎಷ್ಟೊತ್ಗೆ ಜೀವ ಓಗಿದ್ದು?" ಎಂದಷ್ಟೇ ಕೇಳಿ ಇಟ್ಟ. ಆಮೇಲೆ ರಾಜೇಂದ್ರನ ಕಡೆ ತಿರುಗಿ, "ಇಂದ್ರಾಣಿಯವರನ್ನ ಕರ್ಕೊಂಡ್ ಬನ್ನಿ," ಎಂದ. ರಾಜೇಂದ್ರ ಸಂತೋಷದಿಂದ ಎದ್ದೇಬಿಟ್ಟ. ಎರಡು ಹೆಜ್ಜೆ ಇಟ್ಟ ಮೇಲೆ ಅವನಿಗೆ ಆ ಪ್ರಶ್ನೆಯ ಅರ್ಥ ಹೊಳೆದದ್ದು.

ಮೆಷಿನ್ ತಿರುಗತೊಡಗಿ ಒಂದು ಗಂಟೆಗೆ ಇಂದ್ರಾಣಿಯ ಉಸಿರು ಹಗುರಾಯಿತು. ಸುತ್ತ ನೋಡಿ, "ಚನ್ನಯ್ಯಣ್ಣ ಯಾಕ್ ಬರ್ಲಿಲ್ಲ?" ಎಂದಳು.

"ಬಸ್ ತಪ್ಪೋಯ್ತಂತೆ."

"ಅಯ್ಯೋ ಪಾಪ. ಬರೋ ವಾರ ನಮ್ ಕಾರಲ್ಲೇ ಕರ್ಕೊಂಡ್ ಬರಾಣ ಕಣ್ರೀ."

ರಾಜೇಂದ್ರ ಹೂಂ ಎಂದ.