ರೈಲಿನ ಕೊನೆಯ ಮಗು

ಮೊದಲೇ ಹೇಳಿಬಿಡುತ್ತೇನೆ, ದೆವ್ವ ಭೂತದ ಮಾತು ಬಂದರೆ ಎದ್ದು ಹೋಗುವವಳು ನಾನು. ಸ್ಟಾಫ್ ರೂಮಿನಲ್ಲಿ ಊಟದ ಹೊತ್ತಿಗೆ ಯಾರಾದರೂ ಹುಣಸೆಮರ, ಬಿಳಿ ಸೀರೆ ಎಂದು ಶುರು ಮಾಡಿದರೆ, 'ಆ ಸೀರೆ ಯಾವ ಅಂಗಡಿಯದು ಅಂತ ಕೇಳಿದ್ರಾ?' ಎಂದು ಕಾಲೆಳೆಯುತ್ತಿದ್ದೆ. ನನ್ನ ತವರು ಹಳ್ಳಿಮೈಸೂರು. ನಮ್ಮಮ್ಮ ದಾರಿಯಲ್ಲಿ ಬಿದ್ದ ನಿಂಬೆಹಣ್ಣಿಗೂ ಹೆದರಿಕೊಂಡೇ ಬದುಕಿದವಳು. ಅದನ್ನು ನೋಡಿ ನೋಡಿ ನನಗೆ ಚಿಕ್ಕಂದಿನಲ್ಲೇ ಸಾಕಾಗಿಹೋಗಿತ್ತು. ಆಮೇಲೆ ಬಿ.ಎಸ್ಸಿ. ಓದಿದೆ, ಹೆದರಿಕೆ ಇನ್ನೂ ಕಡಿಮೆಯಾಯಿತು, ಬಾಯಿ ಸ್ವಲ್ಪ ಜೋರಾಯಿತು. ಈಗಲೂ ದೆವ್ವ ಇದೆ ಎಂದು ಸಾಧಿಸಲು ನಾನು ಇದನ್ನು ಬರೆಯುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿಮಗೇನಾದರೂ ಹೊಳೆದರೆ ಒಳ್ಳೆಯದು. ನನಗಂತೂ ಹೊಳೆದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಅರಕಲಗೂಡು ಕಡೆಯ ಒಂದು ಸಣ್ಣ ಕ್ರೈಸ್ತ ಶಾಲೆಯಲ್ಲಿ ನಾನು ಯುಕೆಜಿ ಮಿಸ್ ಆಗಿದ್ದೆ. ಸಿಸ್ಟರ್‌ಗಳು ನಡೆಸುವ ಶಾಲೆಯಾದರೂ ಮಕ್ಕಳಲ್ಲಿ ಬಹುಪಾಲು ಸುತ್ತಲ ಹಳ್ಳಿಯ ಬೇಸಾಯದ ಮನೆಯವರು. ಹಣೆಯಲ್ಲಿ ಕುಂಕುಮ ಇಟ್ಟುಕೊಂಡೇ ಶಿಲುಬೆಯ ಗುರುತು ಹಾಕುತ್ತಿದ್ದರು. ಮನೆಯವರಿಗೂ ಅದರಲ್ಲಿ ತಕರಾರಿರಲಿಲ್ಲ, ಇಂಗ್ಲಿಷ್ ಬಂದರೆ ಸಾಕಿತ್ತು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ರೈಮ್ಸ್, ಮರಳು ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಅ ಆ ತಿದ್ದುವುದು, ಮಣಿ ಎಣಿಸುವುದು. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಮತ್ತೊಂದು ಪ್ರಾರ್ಥನೆ. ಕಣ್ಣು ಮುಚ್ಚಿದ ಅಷ್ಟು ಹೊತ್ತಿನಲ್ಲೇ ಪಕ್ಕದವರ ಡಬ್ಬಿಯಿಂದ ಚಿಪ್ಸ್ ಮಾಯವಾಗಿ ಜಗಳವಾಗುತ್ತಿದ್ದದ್ದೂ ಉಂಟು. ಉಂಡ ಮೇಲೆ ಡೆಸ್ಕಿಗೆ ತಲೆಯಿಟ್ಟು ಮಲಗಬೇಕು. ಮಲಗದವರು ಮಲಗಿದವರನ್ನು ಚಿವುಟುತ್ತಿದ್ದರು.

ಸಂಜೆ ಬಿಡುವಾಗ ಕಾವಲು ದೂತನಿಗೆ ಒಂದು ಪ್ರಾರ್ಥನೆ. ನಮ್ಮನ್ನು ಜೋಪಾನವಾಗಿ ಮನೆ ಮುಟ್ಟಿಸು ಎಂಬುದು ಅದರ ಸಾರ. 'ಆ ದೂತ ವ್ಯಾನಲ್ಲೇ ಬತ್ತನಾ ಮಿಸ್, ಇಲ್ಲ ಹಿಂದ್ಗಡೆ ಓಡ್ಕಂಡ್ ಬತ್ತನಾ?' ಎಂದು ಒಬ್ಬ ಕೇಳಿದ್ದ. ಸಿಸ್ಟರನ್ನು ಕೇಳು ಎಂದು ಸಾಗಹಾಕಿದ್ದೆ.

ಪ್ರಾರ್ಥನೆ ಮುಗಿದರೆ ರೈಲು. ಮಕ್ಕಳು ಒಬ್ಬರ ಹಿಂದೆ ಒಬ್ಬರು ನಿಂತು ಮುಂದಿನವರ ಅಂಗಿಯ ಚುಂಗು ಹಿಡಿದುಕೊಳ್ಳುತ್ತಿದ್ದರು. ಆಯಾ ರೀಟಮ್ಮ ಮುಂದೆ, ನಾನು ಹಿಂದೆ. ಕೊನೆಯ ಮಗುವಿನ ಒಂದು ಕೈ ಮುಂದಿನವರ ಅಂಗಿಯ ಮೇಲೆ, ಇನ್ನೊಂದು ನನ್ನ ಕೈಯಲ್ಲಿ. ಹೀಗೆ ಗೇಟಿನ ತನಕ ಹೋಗಬೇಕು. ಗೇಟಿನಲ್ಲಿ ನಮ್ಮ ಹೆಡ್ ಸಿಸ್ಟರ್‌ದು ಒಂದು ಕಟ್ಟುನಿಟ್ಟು ಇತ್ತು. ಮಗುವನ್ನು 'ಹೋಗು' ಎಂದು ಬಿಡುವ ಹಾಗಿಲ್ಲ. ಹೆಸರು ಹೇಳಿ, ಆ ಮಗುವಿನ ಕೈಯನ್ನು ಮನೆಯವರ ಕೈಗೆ ಇಲ್ಲವೇ ವ್ಯಾನಿನವರ ಕೈಗೆ ನಾವೇ ಇಡಬೇಕು. ಇಟ್ಟ ಮೇಲೆ ಮಾತ್ರ ಅದು ನಮ್ಮ ಜವಾಬ್ದಾರಿಯಲ್ಲ. ವರ್ಷದ ಮೊದಲ ಮೀಟಿಂಗಿನಲ್ಲಿ ಇದನ್ನು ತಂದೆತಾಯಿಗಳಿಗೂ ನಾನೇ ಬಿಡಿಸಿ ಹೇಳುತ್ತಿದ್ದೆ.

ರೈಲಿನ ಕೊನೆಯ ಜಾಗ ಚಂದನಾಳದು. ಅವಳನ್ನು ನಡುವೆ ನಿಲ್ಲಿಸಿದರೆ ಇರುವೆ ಕಂಡರೆ ನಿಲ್ಲುತ್ತಿದ್ದಳು, ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅದಕ್ಕೇ ಕೊನೆಗೆ ಹಾಕಿದ್ದೆ. ಸಣ್ಣ ಆಳು, ಮಾತು ಕಡಿಮೆ, ಎಡಗೈಯ ಬೆರಳು ಸದಾ ಬಾಯಲ್ಲಿ. ಆ ಚೀಪಿದ ಕೈಯನ್ನೇ ನನ್ನ ಕೈಗೆ ಕೊಡುತ್ತಿದ್ದಳು. 'ಇಶ್ಯೀ' ಎಂದು ನಾನು ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ. ಅವಳಿಗೆ ಅದೊಂದು ತಮಾಷೆ.

ಅವತ್ತು ಆಗಸ್ಟ್ ಹದಿನೈದರ ಪ್ರಾಕ್ಟೀಸ್ ನಡೆದಿತ್ತು. ಮಳೆಯಿರಲಿಲ್ಲ, ಹಾಳು ಬಿಸಿಲು. ಮಕ್ಕಳಿಗೆ ಲೆಫ್ಟ್ ರೈಟ್ ಕಲಿಸಿ ಕಲಿಸಿ ನನ್ನ ಗಂಟಲು ಕಟ್ಟಿತ್ತು. ಚಂದನಾ ಬೆಳಿಗ್ಗೆ ಬಂದಿರಲಿಲ್ಲ. ಅವಳ ಕುರ್ಚಿ ಖಾಲಿಯಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ನೆಂಟರ ಮನೆ, ಜ್ವರ, ದೇವರ ಹರಕೆ ಎಂದು ಹಳ್ಳಿಯ ಮಕ್ಕಳು ತಪ್ಪಿಸಿಕೊಳ್ಳುವುದು ಮಾಮೂಲು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಮರೆತೂ ಹೋಗಿತ್ತು.

ರೈಲು ಹೊರಟಿತು. ನಾನು ಎಂದಿನಂತೆ ಹಿಂದೆ, ನನ್ನ ಕೈಯಲ್ಲಿ ಕೊನೆಯ ಮಗುವಿನ ಕೈ. ಅಂಗಳದಲ್ಲಿ ಆರನೇ ಕ್ಲಾಸಿನವರು ಬಾವುಟದ ಕಂಬಕ್ಕೆ ಸುಣ್ಣ ಬಳಿಯುತ್ತಿದ್ದರು, ನನ್ನ ಗಮನವೆಲ್ಲ ಅಲ್ಲಿತ್ತು. ಕೈ ಒದ್ದೆಯಾಗಿತ್ತು, ಅದರಲ್ಲಿ ಹೊಸದೇನೂ ಇರಲಿಲ್ಲ. ತಣ್ಣಗಿದೆ ಎಂದು ಮಾತ್ರ ಅನ್ನಿಸಿತು. 'ನಲ್ಲಿ ಹತ್ರ ಆಟ ಆಡಿದ್ಯಾ?' ಎಂದು ತಿರುಗಿ ನೋಡದೆಯೇ ಕೇಳಿದೆ. ಉತ್ತರ ಬರಲಿಲ್ಲ. ಚಂದನಾ ಯಾವತ್ತೂ ಅಷ್ಟು ಬೇಗ ಉತ್ತರ ಕೊಡುವವಳೂ ಅಲ್ಲ. ಅವಳಿಗಿಂತ ಒಂದು ಜಾಗ ಮುಂದಿದ್ದ ತನುಷ್ ಎಂಬ ಹುಡುಗ, 'ಮಿಸ್, ಚಂದನಾ ಅಂಗಿ ಎಳೀತಾಳೆ' ಎಂದು ದೂರು ಹೇಳಿದ. 'ಎಳೀಬೇಡ ಪುಟ್ಟಿ' ಎಂದೆ. ಎಳೆಯುವುದು ನಿಂತಿರಬೇಕು, ಅವನು ಮತ್ತೆ ದೂರಲಿಲ್ಲ.

ಗೇಟಿನಲ್ಲಿ ಒಬ್ಬೊಬ್ಬರನ್ನೇ ಒಪ್ಪಿಸುತ್ತಾ ಬಂದೆವು. ಕೊನೆಗೆ ಆ ಕಡೆಯ ಹಳ್ಳಿಗಳ ವ್ಯಾನು ಓಡಿಸುವ ಮಂಜಣ್ಣ ಎದುರಿಗೆ ನಿಂತಿದ್ದರು. 'ತಗೊಳ್ಳಿ ಮಂಜಣ್ಣ, ಚಂದನಾ' ಎಂದು ಕೈ ಮುಂದೆ ಮಾಡಿದೆ.

ಮಂಜಣ್ಣ ನನ್ನ ಕೈ ನೋಡಿದರು, ಮುಖ ನೋಡಿದರು. 'ಯಾವ ಚಂದನಾ ಮಿಸ್? ಅವ್ಳು ಇವತ್ತು ಬಂದೇ ಇಲ್ವಲ್ಲ. ಬೆಳಿಗ್ಗೆ ಮನೆ ಮುಂದೆ ವ್ಯಾನ್ ನಿಲ್ಸಿ ಆರನ್ ಒಡ್ದೆ, ಯಾರೂ ಬರ್ನಿಲ್ಲ, ನಾನ್ ಬಂದ್ಬುಟ್ಟೆ' ಎಂದರು.

ಆಗ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನನ್ನ ಕೈ ಒಂದು ಮಗುವಿನ ಕೈ ಹಿಡಿದ ಹಾಗೇ ಅರ್ಧ ಮಡಚಿಕೊಂಡಿತ್ತು. ನಾಚಿಕೆಯಾಗಿ ನಕ್ಕುಬಿಟ್ಟೆ. 'ಬಿಸಿಲಿಗೆ ತಲೆ ಕೆಟ್ಟಿದೆ ಮಂಜಣ್ಣ' ಎಂದೆ. ಅವರೂ ನಕ್ಕು ವ್ಯಾನು ಹತ್ತಿದರು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ರಾಮನಾಥಪುರದ ಆಚೆ, ಹೊಲಗಳ ನಡುವೆ ಅವಳ ಮನೆ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಗೂಡಿನಲ್ಲಿ ಬೇಯಿಸುವ ಕಾಲ. ತಾಯಿ ಭಾಗ್ಯ ಬೆಳಕು ಹರಿಯುವ ಮುಂಚೆಯೇ ಪಕ್ಕದ ಹೊಲದವರಲ್ಲಿ ಸೊಪ್ಪು ಕಟ್ಟುವ ಕೂಲಿಗೆ ಹೋಗಿದ್ದರು. ತಂದೆ ಮಗಳಿಗೆ ಯೂನಿಫಾರಂ ಹಾಕಿ, ವ್ಯಾನು ಬರುತ್ತದೆ ಇಲ್ಲೇ ನಿಂತಿರು ಎಂದು ಹೇಳಿ ಬೈಕ್ ಹತ್ತಿ ಹೋಗಿದ್ದರು. ವ್ಯಾನು ಬಂದಾಗ ಮಗು ಅಲ್ಲಿರಲಿಲ್ಲ. ಇವತ್ತು ರಜ ಇರಬೇಕು ಎಂದು ಮಂಜಣ್ಣ ಅಂದುಕೊಂಡರು. ಸ್ಕೂಲಿನಲ್ಲಿದ್ದಾಳೆ ಎಂದು ಮನೆಯವರು ಅಂದುಕೊಂಡರು. ಮನೆಯಲ್ಲಿದ್ದಾಳೆ ಎಂದು ನಾವು ಅಂದುಕೊಂಡೆವು. ಸಂಜೆ ವ್ಯಾನು ನಿಲ್ಲದೆ ಮುಂದೆ ಹೋದಾಗಲೇ ಭಾಗ್ಯ ಅದರ ಹಿಂದೆ ಓಡಿ ನಿಲ್ಲಿಸಿ ಕೇಳಿದ್ದು, ಆಮೇಲೆಯೇ ಹುಡುಕಿದ್ದು. ಮನೆಯ ಹಿಂದಿನ ಕೃಷಿ ಹೊಂಡದಲ್ಲಿದ್ದಳು. ಪ್ಲಾಸ್ಟಿಕ್ ಹಾಸಿದ ಆ ಹೊಂಡಗಳ ಅಂಚಿಗೆ ಕಾಲಿಟ್ಟು ಜಾರಿದರೆ ದೊಡ್ಡವರೂ ಹತ್ತಿ ಬರುವುದು ಕಷ್ಟ. ಒಂದು ಬೂಟು ದಡದ ಮೇಲಿತ್ತು. ಬೂಟಿಗೆ ಮೆತ್ತಿದ್ದ ಸಗಣಿ ತೊಳೆಯಲು ಹೋಗಿರಬೇಕು ಎಂದು ಜನ ಹೇಳಿದರು. ಬೆಳಿಗ್ಗೆಯೇ ಜೀವ ಹೋಗಿದೆ ಎಂದು ಡಾಕ್ಟರು ಹೇಳಿದರು.

ಸುದ್ದಿ ನನಗೆ ಗೊತ್ತಾದದ್ದು ಮಾರನೆಯ ದಿನ ಅಸೆಂಬ್ಲಿಯಲ್ಲಿ. ಪ್ರಾರ್ಥನೆಯ ನಡುವೆಯೇ ಕೂತುಬಿಟ್ಟೆ. ಎಲ್ಲರೂ ಅದನ್ನು ದುಃಖ ಎಂದುಕೊಂಡರು. ದುಃಖವೂ ಇತ್ತು. ಆದರೆ ಅದಕ್ಕಿಂತ ಮುಂಚೆ ನನಗೆ ಬಂದದ್ದು ಭಯ.

ಸಿಸ್ಟರಿಗೆ ಹೇಳಿದೆ. ಅವರು ಪಾಪ, ನನ್ನ ತಲೆಯ ಮೇಲೆ ಕೈಯಿಟ್ಟು, ಆ ಮಗುವಿಗಾಗಿ ಪ್ರಾರ್ಥಿಸು, ಯಾರಿಗೂ ಹೇಳಬೇಡ ಎಂದರು. ನನ್ನ ಯಜಮಾನರು ಹೊಳೆನರಸೀಪುರದ ಕಾಲೇಜಿನಲ್ಲಿ ಪಾಠ ಮಾಡುವವರು. ದಿನಾ ಹಿಡಿದು ಅಭ್ಯಾಸವಾದ ಕೈ, ಇಲ್ಲದಿದ್ದರೂ ಇದೆ ಅನ್ನಿಸುತ್ತದೆ, ಕನ್ನಡಕ ತೆಗೆದಿಟ್ಟವರು ಮೂಗು ಮುಟ್ಟಿ ನೋಡಿಕೊಳ್ಳುವುದಿಲ್ಲವೇ ಎಂದರು. ಬೇರೆಯವರು ಇದನ್ನು ಹೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ತನುಷನ ಮಾತಿಗೂ ಅವರ ಹತ್ತಿರ ಉತ್ತರವಿತ್ತು. ದಿನಾ ದೂರುವ ಹುಡುಗ, ಅವತ್ತೂ ದೂರಿದ ಅಷ್ಟೇ. ಆದರೆ ಅವತ್ತು ಅವನು ಮನೆಗೆ ಹೋದಾಗ ಅಂಗಿಯ ಬೆನ್ನ ಕೆಳಗೆ ಒಂದು ಹಿಡಿಯಷ್ಟು ಒದ್ದೆಯಾಗಿ ಸುಕ್ಕಾಗಿತ್ತು ಎಂದು ಅವನ ತಾಯಿ ತಾವಾಗಿ ಹೇಳಿದರು, ನಾನು ಕೇಳಿರಲಿಲ್ಲ. ಮಕ್ಕಳು ನೀರು ಚೆಲ್ಲಿಕೊಳ್ಳುತ್ತಾರೆ ಎಂದರು ನಮ್ಮವರು. ಅದೂ ಸರಿಯೇ. ಒಂದೊಂದಕ್ಕೂ ಒಂದೊಂದು ಉತ್ತರ ಇತ್ತು. ಎಲ್ಲವನ್ನೂ ಸೇರಿಸಿ ನೋಡಿದರೆ ನನಗೆ ಸಮಾಧಾನವಾಗುತ್ತಿರಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಒಂದು ಸಂಜೆ, ಮಕ್ಕಳೆಲ್ಲ ಹೋಗಿ ಗೇಟು ಖಾಲಿಯಾಗಿತ್ತು. ಭಾಗ್ಯ ಬಂದು ನಿಂತಿದ್ದರು. ಕೈಯ ಬೆರಳುಗಳೆಲ್ಲ ಹೊಗೆಸೊಪ್ಪಿನ ಅಂಟಿಗೆ ಕಪ್ಪಾಗಿದ್ದವು. ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದಾರೆ ಎಂದುಕೊಂಡೆ. ಒಳಗೆ ಬನ್ನಿ ಎಂದೆ, ಬರಲಿಲ್ಲ.

'ಒಂದ್ ಮಾತ್ ಕೇಳಾನ ಅಂತ ಬಂದೆ ಮಿಸ್. ಅವತ್ತು ನೀವು ನಮ್ ಚಂದನಾನ ಕೈ ಇಡ್ಕಂಡಿದ್ರಂತೆ. ಮಂಜಣ್ಣ ಅಂದ.'

ನಾನು ಗೇಟು ದಾಟಿ ಆಕೆಯ ಹತ್ತಿರ ಹೋದೆ.

'ಬೆಳಿಗ್ಗಿಂದ ಸಂಜೆಗಂಟ ಕೂಸು ನೀರಲ್ಲೇ ಇತ್ತು ಅಂತರೆ ಎಲ್ರೂವೆ. ನಾನು ಅಲ್ಲೇ ಪಕ್ಕದ್ ಒಲ್ದಲ್ಲಿ ಸೊಪ್ಪು ಕಟ್ತಾ ಕುಂತಿದ್ದೆ. ನಗ್ತಾ ಮಾತಾಡ್ತಾ ಕುಂತಿದ್ದೆ ಮಿಸ್, ಇಸ್ಕೂಲಲ್ಲವ್ಳೆ ಅಂತ. ದಿಟ ಏಳಿ. ಅವ್ಳು ಇಸ್ಕೂಲ್ಗೆ ಬಂದಿದ್ಲಾ?'

ಆ ತಾಯಿಗೆ ಬೇಕಾಗಿದ್ದದ್ದು ಅಷ್ಟೇ. ಮಗಳು ಬದುಕಿ ಬರುತ್ತಾಳೆ ಎಂದು ಆಕೆ ಕೇಳುತ್ತಿರಲಿಲ್ಲ. ಅವಳು ದಿನವಿಡೀ ಯಾರೂ ಹುಡುಕದೆ ಆ ಹೊಂಡದಲ್ಲಿ ಒಬ್ಬಳೇ ಇರಲಿಲ್ಲ ಎಂದು ಒಬ್ಬರಾದರೂ ಹೇಳಲಿ ಎಂದು ಬಸ್ಸು ಹತ್ತಿ ಬಂದಿದ್ದರು. ಏನು ಹೇಳಲಿ ನಾನು? ಭ್ರಮೆ ಎಂದು ಹೇಳಿದರೆ ಆಕೆಯನ್ನು ಹೊಂಡದ ಹತ್ತಿರಕ್ಕೇ ವಾಪಸು ಕಳಿಸಿದ ಹಾಗೆ. ನಿಜ ಎಂದು ಹೇಳಲು ನನಗೇ ನಂಬಿಕೆಯಿಲ್ಲ.

'ಬೆಳಿಗ್ಗೆ ಬಂದಿರ್ಲಿಲ್ಲ ಭಾಗ್ಯ. ಸಂಜೆ ನನ್ನ ಕೈಯಲ್ಲಿ ಅವಳ ಕೈ ಇತ್ತು. ನನಗೆ ಗೊತ್ತಿರೋದು ಅಷ್ಟೇ' ಎಂದೆ.

'ಯಾರ್ ಕೈಗೆ ಕೊಟ್ರಿ?' ಎಂದು ಆಕೆ ಕೇಳಿದರು.

'ಯಾರಿಗೂ ಕೊಡ್ಲಿಲ್ಲ.'

'ಕೊಡ್ದೆ ಬಿಡಂಗಿಲ್ಲ ಅಂತ ನೀವೇ ಏಳಿದ್ರಲ್ಲ ಮಿಸ್, ಮೀಟಿಂಗಲ್ಲಿ.' ದನಿಯಲ್ಲಿ ಸಿಟ್ಟಿರಲಿಲ್ಲ. ಮರೆತವರಿಗೆ ನೆನಪು ಮಾಡಿಕೊಡುವ ಹಾಗೆ ಹೇಳಿದರು. 'ಅಂಗಾರೆ ಈಗ ನಂಗ್ ಕೊಡಿ.'

ಹೇಳಿ ಕೈ ಚಾಚಿದರು. ಆಕೆಗೆ ಬುದ್ಧಿ ಕೆಟ್ಟಿರಲಿಲ್ಲ, ಕಣ್ಣು ನೆಟ್ಟಗಿತ್ತು, ಮಾತು ನೆಟ್ಟಗಿತ್ತು. ನನಗೆ ಸುತ್ತ ನೋಡುವ ಹಾಗಾಯಿತು, ಯಾರಾದರೂ ಬಂದು ನನ್ನನ್ನು ಕರೆಯಲಿ ಎನ್ನಿಸಿತು. ಯಾರೂ ಬರಲಿಲ್ಲ. ನಾನು ನನ್ನ ಬಲಗೈಯನ್ನು ಮಗುವಿನ ಕೈ ಹಿಡಿದ ಹಾಗೆ ತಗ್ಗಿಸಿ, ಆಕೆಯ ಕೈಯಲ್ಲಿ ಇಟ್ಟೆ. 'ಚಂದನಾ' ಎಂದು ಹೆಸರನ್ನೂ ಹೇಳಿದೆ, ಹೇಳದೆ ಒಪ್ಪಿಸುವ ಹಾಗಿರಲಿಲ್ಲವಲ್ಲ. ಆಕೆ ನನ್ನ ಬೆರಳುಗಳನ್ನು ಬಿಡಿಸಿ ತಮ್ಮ ಕೈ ಮುಚ್ಚಿಕೊಂಡರು. 'ಬತ್ತೀವಿ ಮಿಸ್' ಎಂದು ಹೊರಟರು.

ರಸ್ತೆಯಾಚೆ ರಾಮನಾಥಪುರದ ಬಸ್ಸು ನಿಂತಿತ್ತು. ಆಕೆ ಒಂದು ಕೈಯನ್ನು ಪಕ್ಕಕ್ಕೆ ಇಳಿಬಿಟ್ಟುಕೊಂಡು, ಸಣ್ಣ ಸಣ್ಣ ಹೆಜ್ಜೆಯಲ್ಲಿ ರಸ್ತೆ ದಾಟಿದರು. ಕಿಟಕಿಯ ಪಕ್ಕ ಜಾಗ ಬಿಟ್ಟು ಈಚೆಗೆ ಕೂತರು. ಬಸ್ಸಿನಲ್ಲಿ ಜನ ತುಂಬಿದ್ದರು. ಕಂಡಕ್ಟರ್ ಬಂದು ಒಳಕ್ಕೆ ಸರಿಯಲು ಕೈ ತೋರಿಸಿದ್ದು ನನಗೆ ಕಂಡಿತು. ಆಕೆ ಅವನಿಗೆ ಏನೋ ಹೇಳಿದರು. ಅವನು ಆ ಖಾಲಿ ಜಾಗವನ್ನು ಒಮ್ಮೆ ನೋಡಿ ಸುಮ್ಮನೆ ಹಿಂದಕ್ಕೆ ಹೋದ.

ಭಾಗ್ಯ ಮತ್ತೆ ಬರಲಿಲ್ಲ. ಆ ಮನೆಯಲ್ಲಿ ಈಗ ಆಕೆ ರಾತ್ರಿ ನಿದ್ದೆ ಮಾಡುತ್ತಾರಂತೆ, ಹೊಂಡದ ದಡದಲ್ಲಿ ಹೋಗಿ ಕೂರುವುದನ್ನು ಬಿಟ್ಟಿದ್ದಾರಂತೆ. ಮಂಜಣ್ಣ ಹೇಳಿದ್ದು. ಒಳ್ಳೆಯದಾಯಿತು ಎಂದು ನಮ್ಮವರು ಹೇಳುತ್ತಾರೆ, ನೀನು ಹೇಳಿದ್ದು ಸುಳ್ಳಾದರೂ ಒಳ್ಳೆಯ ಸುಳ್ಳು ಎನ್ನುತ್ತಾರೆ. ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ದೆವ್ವದ ಮಾತು ಬಂದರೆ ನಾನು ಈಗಲೂ ಎದ್ದು ಹೋಗುತ್ತೇನೆ. ಆದರೆ ಆ ದಿನದ್ದು ನನ್ನ ಭ್ರಮೆ ಎಂದು ಒಪ್ಪಿಕೊಳ್ಳಲು ಹೊರಟಾಗಲೆಲ್ಲ ಅದರ ಜೊತೆಗೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ನಾವೆಲ್ಲ ಲೆಫ್ಟ್ ರೈಟ್ ಕಲಿಯುತ್ತಿದ್ದಾಗ, ಊಟ ಮಾಡುತ್ತಿದ್ದಾಗ, ಡೆಸ್ಕಿಗೆ ತಲೆಯಿಟ್ಟು ಮಲಗಿದ್ದಾಗ, ಆ ಮಗು ಯೂನಿಫಾರಂ ಹಾಕಿಕೊಂಡು ನೀರಿನಲ್ಲಿ ಒಂಟಿಯಾಗಿತ್ತು. ಅದನ್ನು ಒಪ್ಪಿಕೊಳ್ಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.