ಮೊದಲ ಕೂದಲು ತೆಗೆದವನು

ಲಿಮ್ ನದಿಯ ದಂಡೆಯ ಬ್ರೊದಿಷ್ಟೆ ಪಟ್ಟಣದಲ್ಲಿ ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ ಝುಲ್ಫೋಗೆ ರಾಜಕೀಯದಲ್ಲಿ ಒಂದಿಷ್ಟೂ ಆಸಕ್ತಿ ಇರಲಿಲ್ಲ. ರಾಜಕೀಯಕ್ಕೆ ಮಾತ್ರ ಅವನಲ್ಲಿ ಬಹಳ ಆಸಕ್ತಿ ಇತ್ತು. ಅದು ವಾರಕ್ಕೆರಡು ಸಲ ಬಂದು ಅವನ ಕುರ್ಚಿಯಲ್ಲಿ ಕೂತು ಗಡ್ಡ ಕೆರೆಸಿಕೊಂಡು ಹೋಗುತ್ತಿತ್ತು.

ಊರು ಸುಲ್ತಾನನದು. ಆದರೆ ಊರಿನಲ್ಲಿದ್ದ ದಂಡು ಆಸ್ಟ್ರಿಯಾದ ಚಕ್ರವರ್ತಿಯದು. ಯೂರೋಪಿನ ದೊಡ್ಡ ಮನುಷ್ಯರೆಲ್ಲ ಬರ್ಲಿನ್ನಿನಲ್ಲಿ ಮೇಜಿನ ಸುತ್ತ ಕೂತು ಹಾಗೆಂದು ತೀರ್ಮಾನಿಸಿದ್ದರು. ಅವರಲ್ಲಿ ಒಬ್ಬನೂ ಬ್ರೊದಿಷ್ಟೆಯನ್ನು ಕಂಡವನಲ್ಲ. ಕಂಡಿದ್ದರೆ ಇಷ್ಟು ಸಣ್ಣ ಊರಿಗೆ ಎರಡು ಬಾವುಟ ಹೊರೆಯಾದೀತು ಎಂದು ಅವರಿಗೂ ಅನ್ನಿಸುತ್ತಿತ್ತೇನೋ. ಹೊಳೆಯ ಆ ಕಡೆ ಸುಲ್ತಾನನ ಅಮಲ್ದಾರ, ಈ ಕಡೆ ಚಕ್ರವರ್ತಿಯ ಕ್ಯಾಪ್ಟನ್ ವೊಂಡ್ರಾಚೆಕ್. ನಡುವಿನ ಸೇತುವೆಗೆ ಎರಡು ತುದಿಯಲ್ಲೂ ಕಾವಲು. ಬೆಟ್ಟದಾಚೆ ಸರ್ಬಿಯಾದ ರಾಜ, ಇನ್ನೊಂದು ಬೆಟ್ಟದಾಚೆ ಮಾಂಟೆನೆಗ್ರೋದ ದೊರೆ. ಇಬ್ಬರೂ ಈ ಕಣಿವೆ ತಮ್ಮ ಅಜ್ಜನದೆಂದು ನಂಬಿದ್ದರು.

ಅಂಗಡಿಯಲ್ಲಿ ಒಂದೇ ಕುರ್ಚಿ ಇತ್ತು. ಒಂದು ದಿನ ಅಮಲ್ದಾರನೂ ಕ್ಯಾಪ್ಟನನೂ ಒಟ್ಟಿಗೇ ಬಂದರು. ಯಾರು ಮೊದಲು ಕೂರಬೇಕೆಂಬುದು ಬರ್ಲಿನ್ನಿನಲ್ಲಿ ತೀರ್ಮಾನವಾಗಿರಲಿಲ್ಲ. ಇಬ್ಬರೂ ಬಹಳ ಹೊತ್ತು ನಿಂತೇ ಇದ್ದು, ನಮಸ್ಕಾರ ಹೇಳಿ, ಗಡ್ಡದ ಸಮೇತ ವಾಪಸಾದರು. ಮರುವಾರ ಝುಲ್ಫೋ ಬಡಗಿಗೆ ಹೇಳಿ ಇನ್ನೊಂದು ಕುರ್ಚಿ ಮಾಡಿಸಿದ. ಕ್ಯಾಪ್ಟನನ ಕಡೆಯ ಸಿಪಾಯಿ ಬಂದು ಎರಡರ ಎತ್ತರವನ್ನೂ ದಾರ ಹಿಡಿದು ಅಳೆದ. ಸಂಜೆ ಅಮಲ್ದಾರನ ಜವಾನನೂ ಬಂದು ಅಳೆದ. ಆ ದಾರಗಳು ಒಂದಕ್ಕೊಂದು ತಾಳೆಯಾದದ್ದರಿಂದಲೇ ಊರಿನಲ್ಲಿ ಇಷ್ಟು ವರ್ಷ ಶಾಂತಿ ಉಳಿಯಿತೆಂದು ಝುಲ್ಫೋ ಆಮೇಲೆ ಹೇಳಿಕೊಳ್ಳುತ್ತಿದ್ದ.

ಕಾಲ ಹೇಗಿದೆ ಎಂದು ತಿಳಿಯಲು ಅವನಿಗೆ ಪತ್ರಿಕೆ ಬೇಕಿರಲಿಲ್ಲ. ಕುತ್ತಿಗೆಯ ಮೇಲೆ ಕತ್ತಿ ಇಟ್ಟಾಗ ಗಿರಾಕಿ ಕಣ್ಣು ಮುಚ್ಚಿದನೋ ಬಿಟ್ಟನೋ ನೋಡಿದರೆ ಸಾಕು. ಮೊದಮೊದಲು ಎಲ್ಲರೂ ಮುಚ್ಚುತ್ತಿದ್ದರು. ಕೆಲವರಂತೂ ಗೊರಕೆ ಹೊಡೆಯುತ್ತಿದ್ದರು. ವರ್ಷ ಕಳೆದಂತೆ ಒಬ್ಬೊಬ್ಬರಾಗಿ ಕಣ್ಣು ಬಿಟ್ಟುಕೊಂಡು ಕನ್ನಡಿಯಲ್ಲಿ ಅವನ ಕೈಯನ್ನೇ ನೋಡತೊಡಗಿದರು. ಝುಲ್ಫೋನ ಕೈ ಬದಲಾಗಿರಲಿಲ್ಲ. ಆದರೂ ನೋಡುತ್ತಾರಲ್ಲ ಎಂಬುದು ಅವನಿಗೆ ಬೇಜಾರಿನ ಸಂಗತಿ.

ಅವನ ಕಸುಬಿಗೆ ಒಂದೇ ಒಂದು ನಿಯಮವಿತ್ತು. ಮಗುವನ್ನು ಕುರ್ಚಿಯಲ್ಲಿ ಕೂರಿಸಿದರೆ ಕತ್ತರಿ ಮುಟ್ಟುವ ಮೊದಲೇ ಕೇಳಬೇಕು: "ಇವನ ಮೊದಲ ಕೂದಲು ತೆಗೆದದ್ದು ಯಾರು?" ಆ ಸೀಮೆಯಲ್ಲಿ ಮಗುವಿನ ಮೊದಲ ಕೂದಲು ಕತ್ತರಿಸಿದವನು ಆ ಮನೆಗೆ ಕುಮನಾಗುತ್ತಾನೆ. ಕುಮ ಎಂದರೆ ರಕ್ತವಿಲ್ಲದ ನೆಂಟ. ರಕ್ತದ ನೆಂಟರಿಗಿಂತ ಒಂದು ಕೈ ಮೇಲು. ಕುಮನ ಮೇಲೆ ಕೈ ಎತ್ತುವಂತಿಲ್ಲ, ಅವನು ಬಾಗಿಲು ತಟ್ಟಿದರೆ ಯಾಕೆಂದು ಕೇಳುವಂತಿಲ್ಲ. ಒಬ್ಬ ಝುಲ್ಫೋನ ಹಾಗೆ ಮಸೀದಿಗೆ ಹೋಗುವವನು, ಇನ್ನೊಬ್ಬ ಚರ್ಚಿಗೆ ಹೋಗುವವನು ಆಗಿದ್ದರೂ ಅಷ್ಟೇ. ಹೀಗಿರುವಾಗ ಕ್ಷೌರಿಕ ಮೈಮರೆತರೆ ಇಡೀ ಕಣಿವೆಗೇ ನೆಂಟನಾಗಿ ಬಿಡುತ್ತಾನೆ.

ಝುಲ್ಫೋ ಮೈಮರೆತದ್ದು ಒಂದು ಸಂತೆಯ ದಿನ. ಎರಡೂ ಕುರ್ಚಿ ಭರ್ತಿಯಾಗಿದ್ದವು. ತಂತಿ ಕಂಬ ಯಾರ ಜಾಗದಲ್ಲಿ ನೆಡಬೇಕೆಂದು ಕ್ಯಾಪ್ಟನನೂ ಅಮಲ್ದಾರನೂ ಸೋಪಿನ ನೊರೆಯ ಒಳಗಿನಿಂದಲೇ ಜಗಳವಾಡುತ್ತಿದ್ದರು. ನಡುವೆ ನಿಂತ ದುಭಾಷಿ ಬೆವರುತ್ತಿದ್ದ. ಅಷ್ಟರಲ್ಲಿ ಬೆಟ್ಟದ ಮೇಲಿನ ಸರ್ಬ್ ಕ್ರೈಸ್ತರ ಹಳ್ಳಿಯ ಕುರಿಗಾಹಿ ವುಕೋಮಾನ್, ಮೂರು ವರ್ಷದ ಮಗ ರಾದುಲೆಯನ್ನು ಕಂಕುಳಲ್ಲಿ ಇರುಕಿಕೊಂಡು ಒಳಗೆ ಬಂದ. ಮಗುವಿನ ಉದ್ದ ಕೂದಲಿಗೆ ಪೈನ್ ಮರದ ಅಂಟು ಮೆತ್ತಿಕೊಂಡು ಅದು ಸೂರು ಹಾರಿಹೋಗುವಂತೆ ಕಿರುಚುತ್ತಿತ್ತು.

"ಇದನ್ನ ಸುಮ್ನಾಗಿಸಿ, ದೇವರಾಣೆ!" ಎಂದ ಕ್ಯಾಪ್ಟನ್.

ಝುಲ್ಫೋ ಒಂದು ಕೈಯಲ್ಲಿ ಕ್ಯಾಪ್ಟನನ ಗಲ್ಲ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಅಂಟಿನ ಗಂಟನ್ನು ಚಕ್ಕನೆ ಕತ್ತರಿಸಿದ. ಮಗು ಸುಮ್ಮನಾಯಿತು. ಆಮೇಲೆ ಅವನ ಬಾಯಿಗೆ ನಿಯಮ ನೆನಪಾಯಿತು.

"ಇವನ ಮೊದಲ ಕೂದಲು ತೆಗೆದದ್ದು ಯಾರು?"

"ನೀನೇ. ಈಗಷ್ಟೇ," ಎಂದ ವುಕೋಮಾನ್.

ತಂತಿ ಕಂಬದ ಜಗಳ ಯಾರಿಗೂ ನೆನಪಾಗಲಿಲ್ಲ.

"ಅಂಟು ಕರಗಿಸಿ ಕೊಡು ಅಂತ ಬಂದಿದ್ದೆ ಕಣಯ್ಯಾ! ಗಿರಣಿ ರಿಸ್ತೋನ ಕೈಲಿ ತೆಗೆಸೋಣ ಅಂತ ಮೂರು ವರ್ಷದಿಂದ ಕೂದಲು ಬಿಟ್ಟಿದ್ದೆ. ಅವನ ಹತ್ರ ಗಿರಣಿ ಇದೆ. ನಿನ್ನ ಹತ್ರ ಏನಿದೆ?"

"ಕತ್ತರಿ ಇದೆ."

"ಅದು ಗೊತ್ತಾಯ್ತು."

ದುಭಾಷಿ ವಿಷಯ ವಿವರಿಸಿದಾಗ ಕ್ಯಾಪ್ಟನ್ ನಕ್ಕ. ಅಮಲ್ದಾರ ನಗಲಿಲ್ಲ. "ಕುಮ ಅಂದ್ರೆ ಕುಮ. ಇದು ಹುಡುಗಾಟ ಅಲ್ಲ. ನಡೀರಿ, ಅಪ್ಪಿಕೊಳ್ಳಿ," ಎಂದ. ಇಬ್ಬರೂ ಮುಖ ಗಂಟಿಕ್ಕಿಕೊಂಡು ಅಪ್ಪಿಕೊಂಡರು. ಝುಲ್ಫೋ ಮಗುವಿಗೆ ಹೊಸ ಅಂಗಿ ಕೊಡಿಸಿದ, ವುಕೋಮಾನ್ ಒಂದು ಟಗರು ಕಳಿಸಿದ. ಟಗರು ಕುಂಟುತ್ತಿತ್ತು. ಅಂಗಿಯೂ ಅಷ್ಟೇನೂ ಒಳ್ಳೆಯದಿರಲಿಲ್ಲ.

ಹೀಗೆ ಶುರುವಾದ ನೆಂಟಸ್ತಿಕೆ ಪ್ರೀತಿಯಾಗಲು ಕೆಲವು ವರ್ಷ ಹಿಡಿಯಿತು. ಪ್ರೀತಿಯಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಗಡಿಯಾಚೆಯಿಂದ ಬಂದೂಕು ಸಾಗಿಸುತ್ತಾನೆಂದು ಸುಲ್ತಾನನ ಪೊಲೀಸರು ವುಕೋಮಾನನ ಬೆನ್ನು ಹತ್ತಿದಾಗ ಅವನು ನೇರವಾಗಿ ಬಂದು ಝುಲ್ಫೋನ ಅಟ್ಟ ಹತ್ತಿ ಮಲಗಿದ. ಕೆಳಗೆ ಪೊಲೀಸ್ ಸಾರ್ಜೆಂಟ್ ಕ್ಷೌರಕ್ಕೆ ಕೂತಿದ್ದಾಗ ಮೇಲಿನಿಂದ ಗೊರಕೆ ಕೇಳಿಸಿತು.

"ಯಾರದು?"

"ನಮ್ಮತ್ತೆ."

"ನಿಮ್ಮತ್ತೆ ಹೋದ ವರ್ಷ ತೀರಿಕೊಂಡ್ರಲ್ಲಯ್ಯಾ. ಮಣ್ಣಿಗೆ ನಾನೂ ಬಂದಿದ್ದೆ."

"ಆದ್ರೂ ಗೊರಕೆ ನಿಂತಿಲ್ಲ ನೋಡಿ. ತಲೆ ಸ್ವಲ್ಪ ಹಿಂದಕ್ಕೆ ಮಾಡಿ," ಎಂದು ಝುಲ್ಫೋ ಕತ್ತಿಯನ್ನು ಗಂಟಲ ಗುಳಿಯ ಮೇಲೆ ಇಟ್ಟ. ಸಾರ್ಜೆಂಟ್ ಅತ್ತೆಯ ವಿಚಾರ ಮುಂದುವರಿಸಲಿಲ್ಲ.

ಆಮೇಲೆ ಕಾಲ ಎತ್ತಿನ ನಡಿಗೆ ಬಿಟ್ಟು ಕುದುರೆಯ ನಡಿಗೆ ಹಿಡಿಯಿತು. ಒಂದು ಬೇಸಿಗೆಯಲ್ಲಿ ಸುಲ್ತಾನನ ಕಿರಿಯ ಅಧಿಕಾರಿಗಳು ಎಲ್ಲರಿಗೂ ಸ್ವಾತಂತ್ರ್ಯ ಬಂದಿದೆ ಎಂದು ಸಾರಿದರು. ಚೌಕದಲ್ಲಿ ಮೌಲವಿಯೂ ಪಾದ್ರಿಯೂ ತಬ್ಬಿಕೊಂಡರು. ಯಾವುದರಿಂದ ಸ್ವಾತಂತ್ರ್ಯ ಎಂದು ಕೇಳಿದವನನ್ನು ಮನೆಗೆ ಕಳಿಸಿದರು. ಅದೇ ಶರತ್ಕಾಲಕ್ಕೆ ಚಕ್ರವರ್ತಿ ಪಕ್ಕದ ಬೋಸ್ನಿಯಾವನ್ನು ಇಡಿಯಾಗಿ ನುಂಗಿ, ಬಾಯಿ ಒರೆಸಿಕೊಂಡ ಬಟ್ಟೆಯ ಹಾಗೆ ಈ ಕಣಿವೆಯನ್ನು ಸುಲ್ತಾನನಿಗೇ ಬಿಟ್ಟುಕೊಟ್ಟ. ದಂಡು ಗಂಟುಮೂಟೆ ಕಟ್ಟಿತು. ಕ್ಯಾಪ್ಟನ್ ವೊಂಡ್ರಾಚೆಕ್ ಇಲ್ಲಿಯೇ ಕೂದಲು ನರೆಸಿಕೊಂಡಿದ್ದ. ಕೊನೆಯ ಕ್ಷೌರಕ್ಕೆ ಬಂದವನು ಕಣ್ಣು ಮುಚ್ಚಿಯೇ ಕೂತಿದ್ದ.

"ನಾವು ಹೋದ್ಮೇಲೆ ಇಲ್ಲಿಗೆ ಯಾರಾದ್ರೂ ಬರ್ತಾರೆ, ಝುಲ್ಫೋ," ಎಂದ. "ಅವರ ಹಿಂದೆಯೇ ಮತ್ತೆ ನಾವು ಬರ್ತೀವಿ. ಆಗ ಕ್ಷೌರಕ್ಕೆ ಪುರುಸೊತ್ತಿರಲ್ಲ."

ಅಷ್ಟು ವರ್ಷದಲ್ಲಿ ಝುಲ್ಫೋ ಅವರ ಭಾಷೆಯನ್ನು ಕ್ಷೌರಕ್ಕೆ ಸಾಕಾಗುವಷ್ಟು ಕಲಿತಿದ್ದ. ಅದರಲ್ಲೇ ದೇವರು ಒಳ್ಳೆಯದು ಮಾಡಲಿ ಎಂದ.

ಮನೆಯಲ್ಲಿ ಹೆಂಡತಿ ಷೆಮ್ಸಾ ಅವತ್ತೇ ಗಾಡಿಗೆ ಸಾಮಾನು ಹೇರಿದಳು. ಅವಳ ಅಣ್ಣಂದಿರು ಆಗಲೇ ಇಸ್ತಾಂಬುಲ್ಲಿಗೆ ಹೋಗಿ ನೆಲೆಸಿದ್ದರು. ಮಗ ಅವ್ದಿಯಾ ಕೂಡ ಅಲ್ಲೇ ರೊಟ್ಟಿ ಭಟ್ಟಿಯಲ್ಲಿ ಕೆಲಸ ಹಿಡಿದಿದ್ದ. ಸುಲ್ತಾನನ ಕಾಲ ಮುಗಿಯಿತು, ನಾವೂ ಕಂಬಿ ಕೀಳೋಣ ಎನ್ನುವುದು ಅವಳ ವಾದ. ಅವಳ ವಾದದಲ್ಲಿ ತಪ್ಪೇನೂ ಇರಲಿಲ್ಲ. ಝುಲ್ಫೋಗೆ ಹೋಗಲು ಇಷ್ಟವಿರಲಿಲ್ಲ, ಅಷ್ಟೇ. ಬದುಕಿನಲ್ಲಿ ಅವನು ಬೇರೇನನ್ನೂ ಕೇಳಿದವನಲ್ಲ. ಹುಟ್ಟಿದ ಊರಿನಲ್ಲೇ ಸಾಯಬೇಕೆಂದಿದ್ದ. ಮಳೆ ಬರುವ ಹಾಗಿದೆ ಎಂದು ಗಾಡಿಯಿಂದ ಸಾಮಾನು ಇಳಿಸಿದ. ಮಳೆ ಬರಲಿಲ್ಲ.

ನಾಲ್ಕು ವರ್ಷಕ್ಕೆ ಸರ್ಬಿಯಾದ ಸೈನ್ಯ ಬೆಟ್ಟ ಇಳಿದು ಬಂತು. ಸುಲ್ತಾನನ ಬಾವುಟವನ್ನು ಇಳಿಸಲು ಕೂಡ ಯಾರೂ ಉಳಿದಿರಲಿಲ್ಲ, ಗಾಳಿಯೇ ಇಳಿಸಿತು. ಆ ವಾರ ಪೇಟೆಯಲ್ಲಿ ಅಂಗಡಿಗಳ ಬೀಗ ಒಡೆದವು. ಒಡೆದವರು ಯಾರೆಂದು ಆಮೇಲೆ ಯಾರೂ ಹೇಳಲಿಲ್ಲ. ಎರಡು ಕುರ್ಚಿಗಳಲ್ಲಿ ಎರಡನೆಯದನ್ನು ಮಾಡಿಕೊಟ್ಟಿದ್ದ ಬಡಗಿ ಮೂಯೊನನ್ನು ಏನೋ ಕೇಳಬೇಕೆಂದು ಕರೆದುಕೊಂಡು ಹೋದರು. ಕೇಳಿ ಮುಗಿದ ಹಾಗೆ ಕಾಣಲಿಲ್ಲ, ಅವನು ಹಿಂದಿರುಗಲೇ ಇಲ್ಲ. ಝುಲ್ಫೋ ಮತ್ತು ಷೆಮ್ಸಾ ಒಳಗೆ ಅಗುಳಿ ಹಾಕಿಕೊಂಡು ಕೂತಿದ್ದರು. ಹೆದರಿಕೆಗೆ ಝುಲ್ಫೋ ಕ್ಷೌರದ ಕತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಬದುಕಿನಲ್ಲಿ ಮೊದಲ ಸಲ.

ಬೆಳಗಾದಾಗ ಹೊಸ್ತಿಲ ಮೇಲೆ ವುಕೋಮಾನ್ ಕೂತಿದ್ದ, ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು. ಆ ಹಳೆಯ ಬಂದೂಕುಗಳಲ್ಲಿ ಒಂದು.

ಸಿಪಾಯಿಗಳು ಬಂದರು. "ಯಾರ ಮನೆ ಇದು?"

"ನನ್ನದು."

"ನಿನ್ನ ಮನೆ ಬೆಟ್ಟದ ಮೇಲಿದೆ ಅಂದ್ರು?"

"ಅದೂ ನನ್ನದೇ. ಎರಡು ಮನೆ ಇರಬಾರದು ಅಂತ ಕಾನೂನು ಬಂದಿದೆಯೇನಪ್ಪಾ?"

ಗಲಾಟೆ ಅಡಗುವವರೆಗೂ ಅವನು ಅಲ್ಲಿಂದ ಏಳಲಿಲ್ಲ. ಷೆಮ್ಸಾ ಬಾಗಿಲ ಸಂದಿಯಿಂದ ಕಾಫಿ ಕೊಡುತ್ತಿದ್ದಳು. ಪ್ರತಿ ಸಲವೂ ಅವನು ಕಾಫಿ ನೀರಾಗಿದೆ ಎಂದು ಗೊಣಗುತ್ತಿದ್ದ. ಷೆಮ್ಸಾಗೆ ಅಳು ಬಂತು. ಕಾಫಿಯ ಮಾತಿಗೆ ಬಂದ ಅಳುವಲ್ಲ ಅದು.

ಅದಾದ ಮೇಲೆ ಅವರ ಬೀದಿಯಿಂದ ದಿನ ಬಿಟ್ಟು ದಿನ ಗಾಡಿಗಳು ಹೊರಟವು. ಷೆಮ್ಸಾ ಹೇರಿದಳು, ಝುಲ್ಫೋ ಇಳಿಸಿದ. ಎತ್ತಿಗೆ ಕಾಲು ನೋವು, ಅಗಸನಿಂದ ಬಟ್ಟೆ ಬರಬೇಕು, ಹಬ್ಬ ಕಳೆಯಲಿ. ಕೊನೆಗೆ ನೆಪಗಳು ಮುಗಿದವು. ಮುಂದಿನ ಶುಕ್ರವಾರ ಹೊರಡುವುದೆಂದು ಅವನೇ ಬಾಯಿಬಿಟ್ಟು ಒಪ್ಪಿಕೊಂಡ, ಹಗ್ಗವನ್ನೂ ತಾನೇ ಬಿಗಿದ. ಅದಕ್ಕೆ ತಿಂಗಳ ಮುಂಚೆ ಬೋಸ್ನಿಯಾದಲ್ಲಿ ಯಾರೋ ಹುಡುಗ ಚಕ್ರವರ್ತಿಯ ಮನೆಯ ಯಾರೋ ರಾಜಕುಮಾರನಿಗೆ ಗುಂಡು ಹೊಡೆದ ಸುದ್ದಿ ಬಂದಿತ್ತು. ಹೊಳೆಯಲ್ಲಿ ದೋಣಿಯವರು ನಿಲ್ಲುವ ಕಡೆಯೆಲ್ಲ ಅದರದೇ ಮಾತು. ಆದರೆ ಈ ವಾರ ಸರ್ಬಿಯಾದ ಸೈನ್ಯದ ಕ್ಷೌರಕ್ಕೆ ಊರಿನ ಕ್ಷೌರಿಕ ಬೇಕೆಂದು ಹುಕುಂ ಬಂದಾಗಲೇ ಝುಲ್ಫೋಗೆ ವಿಷಯ ದೊಡ್ಡದೆಂದು ತಿಳಿದದ್ದು. ಬೆಟ್ಟದ ಹುಡುಗರನ್ನೆಲ್ಲ ಸೈನ್ಯಕ್ಕೆ ಕರೆದಿದ್ದರು. ಒಬ್ಬೊಬ್ಬರ ತಲೆಯನ್ನೂ ಹೇನು ಹತ್ತದ ಹಾಗೆ ನುಣ್ಣಗೆ ಮಾಡಿ ಕಳಿಸಬೇಕಿತ್ತು. ಶುಕ್ರವಾರದ ಪ್ರಯಾಣ ಮುಂದಿನ ವಾರಕ್ಕೆ ಹೋಯಿತು. ಈ ಸಲದ ನೆಪ ಅವನದಲ್ಲ.

ಸಾಲಿನ ಕೊನೆಯಲ್ಲಿ ರಾದುಲೆ ಬಂದ. ಈಗ ಅವನು ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದ ಗಂಡಸು. ಕಂಕುಳಲ್ಲಿ ಅವನ ಮಗ ಲಾಬುದ್. ಮಗುವಿನ ಕೂದಲು ಭುಜ ಮುಟ್ಟುತ್ತಿತ್ತು.

ಝುಲ್ಫೋ ಅವನ ತಲೆಗೆ ಕೈ ಹಚ್ಚಿದ. ಕುತ್ತಿಗೆಯ ಹಿಂದೆ ಕತ್ತಿ ಇಟ್ಟಾಗ ರಾದುಲೆ ಕಣ್ಣು ಮುಚ್ಚಿದ. ಕ್ಯಾಪ್ಟನ್ ಹೋದ ಮೇಲೆ ಆ ಕುರ್ಚಿಯಲ್ಲಿ ಯಾರೂ ಹಾಗೆ ಮುಚ್ಚಿರಲಿಲ್ಲ. ಝುಲ್ಫೋ ಕತ್ತಿಯನ್ನು ಇನ್ನಷ್ಟು ಮೆಲ್ಲಗೆ ಎಳೆದ.

"ಆಯ್ತು, ಏಳು," ಎಂದ.

ರಾದುಲೆ ಎದ್ದು ಮಗುವನ್ನು ಅದೇ ಕುರ್ಚಿಯಲ್ಲಿ ಕೂರಿಸಿದ.

"ಇವನ ಮೊದಲ ಕೂದಲು ತೆಗೆದದ್ದು ಯಾರು?" ಝುಲ್ಫೋ ಕೇಳಿದ. ಬಾಯಿಪಾಠ.

"ಯಾರೂ ಇಲ್ಲ. ಈ ಸಲ ಬೇಕು ಅಂತಲೇ ಕರ್ಕೊಂಡು ಬಂದಿದೀನಿ, ಕುಮ."

"ನಾನು ಹೊರಟಿದೀನಿ ಕಣೋ. ಗಾಡಿ ಕಟ್ಟಾಗಿದೆ, ಹಿತ್ತಲಿಗೆ ಹೋಗಿ ನೋಡು. ಊರಲ್ಲಿ ಇರದವನು ಎಂಥ ಕುಮ? ಗಿರಣಿ ರಿಸ್ತೋನ ಮಗನ ಹತ್ರ ಹೋಗು."

"ರಿಸ್ತೋನ ಮನೆಯವರು ನಿನ್ನೆಯೇ ಗಿರಣಿಗೆ ಬೀಗ ಹಾಕ್ಕೊಂಡು ಹೋದ್ರು." ರಾದುಲೆ ನುಣುಪಾದ ತಲೆಯನ್ನು ಸವರಿಕೊಂಡ. "ಮೇಲೆ ಮನೇಲಿ ಗಂಡಸು ಅಂದ್ರೆ ಅಪ್ಪ ಒಬ್ನೇ. ಮತ್ತೆ ನನ್ನ ಹೆಂಡ್ತಿ, ಈ ಮಗು. ಅಪ್ಪನಿಗೆ ಈಗ ಕಣ್ಣೂ ಸರಿಯಾಗಿ ಕಾಣಲ್ಲ. ಹೋದ ಸಲ ಬಂದವರು ನಮ್ಮವರು, ಅಪ್ಪ ನಿಮ್ಮ ಹೊಸ್ತಿಲ ಮೇಲೆ ಕೂತ. ಈ ಸಲ ಬರೋರು ನಮ್ಮವರಲ್ಲ. ನಮ್ಮ ಹೊಸ್ತಿಲ ಮೇಲೆ ಯಾರು ಕೂರ್ತಾರೆ, ನೀವೇ ಹೇಳಿ."

ಝುಲ್ಫೋ ಬಹಳ ಹೊತ್ತು ಕತ್ತರಿಯನ್ನು ಬಟ್ಟೆಯಿಂದ ಒರೆಸಿದ. ಅದು ಮೊದಲೇ ಚೊಕ್ಕಟವಾಗಿತ್ತು.

"ನಿಮ್ಮಪ್ಪ ಹೇಳಿ ಕಳಿಸಿದ್ನಾ?"

"ಇಲ್ಲ. ನಿಮ್ಮನ್ನ ಕೇಳಬೇಡ ಅಂದ. ಹೋಗೋ ಮನುಷ್ಯನ ಕಾಲು ಹಿಡೀಬಾರದು ಅಂದ."

"ಆ ಕುಂಟು ಟಗರು ಕೊಟ್ಟ ದಿನದಿಂದಲೂ ಅವನಿಗೆ ಬುದ್ಧಿ ಇಲ್ಲ," ಎಂದ ಝುಲ್ಫೋ. ಮಗುವಿನ ಹಣೆಯ ಮೇಲಿನ ಸುರುಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಕತ್ತರಿಸಿದ.

ನೆಲದ ಮೇಲೆ ಬೆಟ್ಟದ ಹುಡುಗರ ಕೂದಲೆಲ್ಲ ಒಂದೇ ರಾಶಿಯಾಗಿ ಬಿದ್ದಿತ್ತು. ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಆ ಸುರುಳಿಯನ್ನು ಮಾತ್ರ ಅವನು ಕರವಸ್ತ್ರದಲ್ಲಿ ಕಟ್ಟಿ ರಾದುಲೆಯ ಕೈಗೆ ಕೊಟ್ಟ. ರಾದುಲೆ ಅದನ್ನು ಎದೆಯ ಜೇಬಿಗೆ ಸೇರಿಸಿ, ಮಗುವನ್ನು ಝುಲ್ಫೋನ ತೋಳಿಗೆ ದಾಟಿಸಿ, ಅಂಗಡಿಯಿಂದಲೇ ಸೈನ್ಯದ ಸಾಲು ಸೇರಿಕೊಂಡ.

ಝುಲ್ಫೋ ಮಗುವಿನ ಜೊತೆ ಹಿತ್ತಲಿಗೆ ಬಂದದ್ದನ್ನು ಕಂಡಾಗಲೇ ಷೆಮ್ಸಾಗೆ ಎಲ್ಲ ಅರ್ಥವಾಯಿತು. ಹಣೆಯ ಸುರುಳಿ ಕತ್ತರಿಸಿದ ಆ ತಲೆಯನ್ನು ನೋಡಿ ಗಾಡಿಯ ಮೂಕಿಯ ಮೇಲೆ ಕುಸಿದು ಕೂತಳು.

"ಬೇಕು ಅಂತಲೇ ಮಾಡಿದ್ಯಾ?"

"ಹ್ಞೂಂ. ಈ ಸಲ ಕೇಳಿಯೇ ಮಾಡಿದೆ."

"ಹಾಗಾದ್ರೆ ಹಗ್ಗಾನೂ ನೀನೇ ಬಿಚ್ಚು ಮಾರಾಯ. ನನ್ನ ಕೈಲಾಗಲ್ಲ," ಎಂದು ಮಗುವನ್ನು ಮಡಿಲಿಗೆ ಎಳೆದುಕೊಂಡಳು. ಝುಲ್ಫೋ ಬಿಚ್ಚಿದ. ತಾನೇ ಹಾಕಿದ ಗಂಟು ಬಹಳ ಬಿಗಿಯಾಗಿತ್ತು.

ಮರುವರ್ಷದ ಚಳಿಗಾಲಕ್ಕೆ ಚಕ್ರವರ್ತಿಯ ಸೈನ್ಯ ಬಂತು. ಕ್ಯಾಪ್ಟನ್ ಹೇಳಿದಂತೆಯೇ ಅವರಿಗೆ ಕ್ಷೌರಕ್ಕೆ ಪುರುಸೊತ್ತಿರಲಿಲ್ಲ. ಅಷ್ಟರಲ್ಲಿ ರಾದುಲೆಯ ಸುದ್ದಿ ನಿಂತುಹೋಗಿ ತಿಂಗಳುಗಳಾಗಿದ್ದವು. ಮೇಲಿನ ಹಳ್ಳಿಗೆ ಹತ್ತಿದ ಸಿಪಾಯಿಗಳಿಗೆ ಮೊದಲು ಸಿಕ್ಕಿದ್ದು ವುಕೋಮಾನನ ಮನೆ. ಹೊಸ್ತಿಲ ಮೇಲೆ ಕೆಂಪು ಟೋಪಿಯ ಒಬ್ಬ ಮುದುಕ ಕೂತಿದ್ದ. ತೊಡೆಯ ಮೇಲೆ ಬಂದೂಕು ಇರಲಿಲ್ಲ, ಮಗು ಇತ್ತು. ಒಳಗಿನಿಂದ ಯಾರೋ ಕಾಫಿ ನೀರಾಗಿದೆ ಎಂದು ಗೊಣಗುತ್ತಿದ್ದರು.

ಯಾರ ಮನೆ ಎಂದು ಸಾರ್ಜೆಂಟ್ ಕೇಳಿದ.

ಕ್ಷೌರಕ್ಕೆ ಸಾಕಾಗುವಷ್ಟು ಮಾತ್ರ ಕಲಿತಿದ್ದ ಆ ಭಾಷೆಯಲ್ಲಿ ಝುಲ್ಫೋ ತಡಕಾಡಿ ಎರಡು ಪದ ಹುಡುಕಿದ.

"ನನ್ನ ಮನೆ," ಎಂದ.