ಮ್ಯೂಸಿಯಂನಿಂದ ಮನೇಗ್ ಬಂದ ಬೀಸೋಕಲ್ಲು

ಲೇ ಚಂದು, ಈ ವಾಯ್ಸ್ ಮೆಸೇಜ್ನ ಸೌಂಡು ಜಾಸ್ತಿ ಮಡಿಕ್ಕೊಂಡು ಕೇಳ್ಲಾ. ಬೀಚನಳ್ಳೀಲಿ ಪುಟ್ಟತಾಯಮ್ಮ ಅಂತ ಅವ್ಳೆ. ಡ್ಯಾಮ್ ನೋಡಕೆ ಬರೋ ಟೂರಿಸ್ಟ್‌ಗಳಿಗೆ ಅಂತ ರೋಡ್ ಪಕ್ಕ ಅಜ್ಜಿಮನೆ ಮ್ಯೂಸಿಯಂ ಮಾಡವ್ರಲ್ಲ, ಅಲ್ಲಿ ದಿನಾ ಸಾಯಂಕಾಲ ರಾಗಿ ಬೀಸ್ಕೊಂಡು ಪದ ಯೋಳೋದು ಆಯಮ್ಮನ ಕೆಲ್ಸ. ಆ ಬೀಸೋಕಲ್ಲು ಯಾರ್ದು ಗೊತ್ತಾ? ಆಯಮ್ಮಂದೇ ಕಣ್ಲಾ.

ಆರ್‌ಸಿಸಿ ಮನೆ ಕಟ್ಟಿಸ್ದಾಗ ಕಲ್ಲು ಇತ್ಲಲ್ಲಿ ಬಿದ್ದಿತ್ತು. ಇಟ್ಟು ಮಿಲ್ಲಲ್ಲಿ ಆಯ್ತದೆ, ಕಲ್ಲು ಯಾರಿಗ್ ಬೇಕು? ಅದ್ರ ಮೇಲೆ ಕೋಳಿ ಕೂತ್ಕೊತಿತ್ತು. ಒಂದಿನ ಮ್ಯೂಸಿಯಂನೋರು ಟೆಂಪೊ ತಗೊಂಡು, "ಹಳೇ ಸಾಮಾನಿದ್ರೆ ಕೊಡಿ" ಅಂತ ಬಂದ್ರು. ಪುಟ್ಟತಾಯಮ್ಮ ಎರಡು ಪ್ಲಾಸ್ಟಿಕ್ ಕುರ್ಚಿ ಈಸ್ಕೊಂಡು ಕೊಟ್ಟೇಬುಟ್ಲು. ಸದ್ಯ ಜಾಗ ಖಾಲಿಯಾಯ್ತಲ್ಲ ಅಂತ ಖುಷಿಯಾಗೇ ಇದ್ಲು. ಅವ್ಳ ನಾದಿನಿ ಜವರಮ್ಮ, ಹ್ಯಾಂಡ್‌ಪೋಸ್ಟ್ ಊರಿಗೆ ಕೊಟ್ಟಿರೋಳು, ಗೌರಿ ಹಬ್ಬಕ್ಕೆ ತವ್ರಿಗೆ ಬಂದು ಇತ್ಲು ನೋಡುದ್ಲು. ಆ ಕುರ್ಚೀಲಿ ಕೂರ್ನೇ ಇಲ್ಲ. ನೆಲದ್ ಮೇಲೇ ಕೂತು, "ನಮ್ಮವ್ವ ಬೀಸ್ತಿದ್ದ ಕಲ್ಲು ಕೊಟ್ಟು ತಂದಿರೋ ಕುರ್ಚಿ. ನಮ್ಮವ್ವನ ಮೇಲೆ ಕೂತಂಗಾಯ್ತದೆ ಅತ್ಗೆ, ಬ್ಯಾಡ ಬುಡು" ಅಂದ್ಲು.

ಆ ಮಾತು ಪುಟ್ಟತಾಯಮ್ಮನೊಳಗೆ ಮುಳ್ಳು ಮುರುದಂಗೆ ಉಳ್ಕೊತು.

ಆಮೇಲೆ ಮ್ಯೂಸಿಯಂನೋರೇ ಬಂದು, "ಕಲ್ಲದೆ, ಬೀಸೋರಿಲ್ಲ" ಅಂತ ಕರುದ್ರು. ಹೋದ್ಲು. ಕಲ್ಲಿಗೆ ದಾರ ಕಟ್ಟಿ 'ಮುಟ್ಟಬೇಡಿ' ಅಂತ ಬೋರ್ಡು ನೇತಾಕವ್ರೆ! ಮ್ಯಾನೇಜರ್ ಮಹೇಂದ್ರ ಕನ್ನಡಕ ತೆಗ್ಸಿ, ಕೈಮಗ್ಗದ ಸೀರೆ ಉಡ್ಸಿ, "ಅಮ್ಮ, ಪದ ಅಷ್ಟುದ್ದ ಬೇಡ. ಮನೆದೇವ್ರ ಹೆಸ್ರು ಬಂದ ತಕ್ಷಣ ನಿಲ್ಸಿ, ತಲೆ ಎತ್ತಿ ಒಂದು ಸ್ಮೈಲ್ ಕೊಡಿ. ಚಪ್ಪಾಳೆ ಹೊಡೀತಾರೆ, ಕೈ ಮುಗೀರಿ. ಬಸ್‌ನೋರು ಕತ್ಲಾಗೋಕ್ ಮುಂಚೆ ಡ್ಯಾಮ್ ನೋಡ್ಬೇಕು" ಅಂದ. ವರ್ಸಾನುಗಟ್ಲೆ ಅಂಗೇ ನಡೀತು.

ಆ ಪದ ಅವ್ಳತ್ತೆ ಕಲ್ಸಿದ್ದು. ಮದ್ವೆ ಮನೇಲಿ ಅರಿಶಿನ ಬೀಸುವಾಗ ಯೋಳೋದು. ಮೊದ್ಲು ಕಲ್ಲಿಗೆ ಶರಣು, ಆಮೇಲೆ ಮನೆದೇವ್ರು, ಆಮೇಲೆ ಆ ಕಲ್ಲು ಬೀಸ್ದೋರೆಲ್ಲ, ಅತ್ತೆ, ಅತ್ತೆಯತ್ತೆ, ಎಲ್ರ ಎಸ್ರೂ ಬಂದು, ಕಡೇಲಿ ಮದ್ವೆ ಎಣ್ಣಿನ ಎಸ್ರು. ಜವರಮ್ಮನ ಮದ್ವೇಲಿ ಅವ್ಳ ಎಸ್ರು ಅಂಗೇ ಬಂದಿತ್ತು. ಈಗ ಊರಲ್ಲಿ ಆ ಪದ ಬರೋದು ಪುಟ್ಟತಾಯಮ್ಮ ಒಬ್ಳಿಗೇ. ಮಗ್ಳು ಅನುಶ್ರೀ ಮದ್ವೆ ಗೊತ್ತಾದಾಗ ಆಯಮ್ಮಂಗೆ ಇದ್ದುದ್ದು ಒಂದೇ ಆಸೆ. ಅದೇ ಕಲ್ಲು ಮನೇಗ್ ಬರ್ಬೇಕು, ಮಗ್ಳ ಎಸ್ರು ಆ ಪದದಲ್ಲಿ ಬರ್ಬೇಕು, ಜವರಮ್ಮ ಕೂತ್ಕೊಂಡು ಕೇಳ್ಬೇಕು.

ಮಹೇಂದ್ರನ ಹತ್ರ ಹೋದ್ಲು.

"ಸಾ, ಕಲ್ಲು ಒಂದೊತ್ತು ಮನೇಗ್ ಕೊಡಿ. ಶಾಸ್ತ್ರ ಮುಗುಸ್ಕೊಂಡು ತಂದ್ಬುಡ್ತೀನಿ."

"ಮ್ಯೂಸಿಯಂ ಐಟಂ ಆಚೆ ಹೋಗಲ್ಲ ಅಮ್ಮ. ಶಾಸ್ತ್ರ ಇಲ್ಲೇ ಇಟ್ಕೊಳಿ. ಗೆಸ್ಟ್‌ಗಳೂ ಇರ್ತಾರೆ, ಫೋಟೋ ಫ್ರೀ, ಟೀ ಬಿಸ್ಕೆಟ್ ನಮ್ದೇ."

"ನನ್ ಮಗ್ಳಿಗೆ ಅರಿಶಿನ ಅಚ್ಚೋದ್ನ ಟಿಕೆಟ್ ತಗೊಂಡೋರು ನೋಡ್ಬೇಕಾ?"

"ಬೇಜಾರ್ ಮಾಡ್ಕೋಬೇಡಿ. ಅದು ಈಗ ನಿಮ್ ಕಲ್ಲಲ್ಲ."

"ಆಯ್ತು ಕಣಪ್ಪ. ಕಲ್ಲು ನಿಮ್ದು, ಗಂಟ್ಲು ನಂದು. ನಾಳಿಂದ ಕಲ್ಲತ್ರಾನೇ ಪದ ಯೋಳಿಸ್ಕೊ."

ಎದ್ದು ಬಂದೇಬುಟ್ಲು! ಶನಿವಾರ ಬಸ್‌ಗಟ್ಲೆ ಜನ ಬಂದು, ಸುಮ್ನಿದ್ದ ಕಲ್ಲಿನ ಸುತ್ತ ನಿಂತ್ಕೊಂಡು, ಗೊಣಗ್ಕೊಂಡು ಹೊಂಟೋದ್ರು. ಮಹೇಂದ್ರನೇ ಫೋನ್ ಮಾಡಿ, "ತಗೊಂಡೋಗಿ ತಾಯಿ" ಅಂದ.

ಗಂಡ ನಂಜುಂಡಸ್ವಾಮಿ ಟೆಂಪೊದಿಂದ ಕಲ್ಲಿಳ್ಸುದ್ದೇ ತಡ, ಆಯಮ್ಮ ಬೋರ್ಡು ಕಿತ್ತು ಇತ್ಲಿಗೆ ಬಿಸಾಕುದ್ಲು. ಕಲ್ಲು ತೊಳ್ದು, ಸುಣ್ಣದ ಪಟ್ಟೆ ಬಳ್ದು, ಕುಂಕುಮ ಇಟ್ಲು. ಜವರಮ್ಮ ಬಂದೋಳೇ ಕಲ್ಲು ಸವರಿ ಕಣ್ಣೊರುಸ್ಕೊಂಡು, "ಶುರು ಮಾಡು ಅತ್ಗೆ" ಅಂತ ಎದ್ರಿಗೆ ಕೂತು ತಾನೂ ಗೂಟ ಹಿಡುದ್ಲು. ಮುತ್ತೈದೇರು ಸುತ್ತ ಕೂತ್ರು. ಅನುಶ್ರೀ ಮಣೆ ಮೇಲೆ.

ಪದ ಎದ್ದುತು ಕಣ್ಲಾ, ಎಂಥಾ ಗಂಟ್ಲು! ಕಲ್ಲಿಗೆ ಶರಣಾಯ್ತು. ಮನೆದೇವ್ರ ಎಸ್ರು ಬಂತು.

ಪುಟ್ಟತಾಯಮ್ಮ ನಿಲ್ಲಿಸ್ಬುಟ್ಲು. ತಲೆ ಎತ್ತಿ ನಕ್ಲು. ಕೈ ಮುಗುದ್ಲು.

ಉಸ್ರು ತಗೋತಾವ್ಳೆ ಅಂತ ಎಲ್ರೂ ಅಂದ್ಕೊಂಡ್ರು. ಮುಗ್ದಿರೋ ಕೈಯ್ಯ ತಾನೇ ನೋಡ್ಕೊಂಡಾಗ ಆಯಮ್ಮಂಗೆ ಗೊತ್ತಾಯ್ತು. ದಡಬಡ ಅಂತ ಗೂಟ ಹಿಡುದ್ಲು. ಮುಂದುಕ್ಕೆ ಬರ್ನಿಲ್ಲ. ಮತ್ತೆ ಮೊದ್ಲಿಂದ ಎತ್ಕೊಂಡು ಓಡೋಡಿ ಅಲ್ಲೀಗಂಟ ಬಂದ್ಲು. ಅಲ್ಲೇ ನಿಂತೋದ್ಲು. ಅತ್ತೆ ಎಸ್ರು ಗೊತ್ತು, ಮಗ್ಳ ಎಸ್ರು ಗೊತ್ತು. ಅವನ್ನ ಎತ್ಕೊಂಡೋಗೋ ಪದದ ಸಾಲೇ ನೆಪ್ಪಿಲ್ಲ.

"ಯಾಕತ್ಗೆ," ಅಂದ್ಲು ಜವರಮ್ಮ, "ಬಸ್ ಹೊಂಟೋಯ್ತಾ?"

ಯಾರೋ ಕಿಸಕ್ ಅಂದ್ರು. ಮಣೆ ಮೇಲಿದ್ದ ಅನುಶ್ರೀಗೆ ಅವ್ವನ ಮಕ ನೋಡಕಾಗ್ನಿಲ್ಲ. ಏನ್ ಮಾಡ್ಬೇಕು ಗೊತ್ತಾಗ್ದೆ ಚಪ್ಪಾಳೆ ಹೊಡುದ್ಲು. ಅವ್ಳ ನೋಡ್ಕೊಂಡು ಎಲ್ರೂ ಹೊಡುದ್ರು. ಪುಟ್ಟತಾಯಮ್ಮನ ಕೈ ತಾನಾಗೇ ಇನ್ನೊಂದ್ಸಲ ಮುಗೀತು.

ಕಲ್ಲು ವಾಪಸ್ ತಗೊಂಡೋಗೋಕೆ ಟೆಂಪೊ ಬರೋ ಹೊತ್ಗೆ ಆಯಮ್ಮ ಇತ್ಲಲ್ಲಿ ಬಗ್ಗಿ ಬಗ್ಗಿ ಹುಡುಕ್ತಿದ್ಲಂತೆ. ಆ 'ಮುಟ್ಟಬೇಡಿ' ಬೋರ್ಡು ಸಿಕ್ತು. ಸೆರಗಲ್ಲಿ ಮಣ್ಣೊರ್ಸಿ, ತಾನೇ ಕಲ್ಲಿಗೆ ಕಟ್ಟುದ್ಲು.